ಮೇಷ್ಟ್ರಿಲ್ಲದ ಕಾಲೇಜು, ಕಸುಬು ಬಲ್ಲವರಿಲ್ಲದ ಕಾರ್ಖಾನೆ: ತರಬೇತಿಯ ಲೆಕ್ಕ ಎಲ್ಲಿ ತಪ್ಪುತ್ತಿದೆ?

ತೋರಣಗಲ್ಲಿನ ಉಕ್ಕು, ಕುಡತಿನಿ ಮತ್ತು ಶಕ್ತಿನಗರದ ವಿದ್ಯುತ್ ಸ್ಥಾವರ, ಗಿಣಿಗೇರಾ–ಬೇವಿನಹಳ್ಳಿ ಸುತ್ತಲಿನ ಕಬ್ಬಿಣದ ಕಾರ್ಖಾನೆ, ಹಟ್ಟಿಯ ಚಿನ್ನದ ಗಣಿ, ಭಾನಾಪುರದ ಆಟಿಕೆ ಕ್ಲಸ್ಟರ್, ಬಳ್ಳಾರಿಯ ಜೀನ್ಸ್, ರಾಯಚೂರಿನ ಹತ್ತಿ ಜಿನ್ನಿಂಗ್, ಸಿಂಧನೂರು–ಕಾರಟಗಿ–ಗಂಗಾವತಿಯ ರೈಸ್ ಮಿಲ್ಲು. ಬಳ್ಳಾರಿ, ಕೊಪ್ಪಳ, ರಾಯಚೂರು, ಹೀಗೆ ಮೂರೇ ಜಿಲ್ಲೆಯೊಳಗೆ ಇಷ್ಟು ಬಗೆಯ ದುಡಿಮೆ ಇರುವ ಸೀಮೆ ರಾಜ್ಯದಲ್ಲಿ ಹೆಚ್ಚಿಲ್ಲ. ಹಾಗಿದ್ದೂ ಇಲ್ಲಿನ ಗುತ್ತಿಗೆದಾರರು ವೆಲ್ಡರ್, ರಿಗ್ಗರ್‌ಗಳನ್ನು ಒಡಿಶಾ, ಜಾರ್ಖಂಡ್‌ ಕಡೆಯಿಂದ ಕರೆಸುತ್ತಾರೆ. ಇಲ್ಲಿ ಐಟಿಐ ಮುಗಿಸಿದ ಹುಡುಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ.

ಕಾಲೇಜುಗಳ ಕಡೆ ನೋಡಿದರೆ ಕಥೆ ಬೇರೆ. ಐಟಿಐಯಲ್ಲಿ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಹುದ್ದೆ ಖಾಲಿ, ಪಾಲಿಟೆಕ್ನಿಕ್‌ನಲ್ಲಿ ಒಬ್ಬರೇ ಎರಡು ವಿಭಾಗ ನೋಡಿಕೊಳ್ಳುತ್ತಾರೆ, ಸರ್ಕಾರಿ ಪದವಿ ಕಾಲೇಜು ನಡೆಯುವುದೇ ಅತಿಥಿ ಉಪನ್ಯಾಸಕರ ಮೇಲೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ ವಿಧಿ 371 (ಜೆ) ಬಂದು ದಶಕ ದಾಟಿದರೂ ನೇಮಕಾತಿಯ ಕಡತ ತನ್ನ ವೇಗದಲ್ಲೇ ಸಾಗುತ್ತಿದೆ. ಇದರ ನಡುವೆ ಯಂತ್ರಗಳಿಗೆ ಮಾತ್ರ ಅಷ್ಟು ಬರವಿಲ್ಲ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ 2022ರಲ್ಲಿ ಲೋಕಾರ್ಪಣೆಯಾದ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಸಿಎನ್‌ಸಿ, ರೋಬಾಟಿಕ್ಸ್‌ನಂಥ ಹೊಸ ಸಲಕರಣೆ ಬಂದಿವೆ. ಯಂತ್ರ ಇದೆ, ಅದರ ಮುಂದೆ ನಿಲ್ಲುವವರು ಕಡಿಮೆ.

ಈ ಸ್ಥಿತಿಯಲ್ಲಿ ಸ್ಥಳೀಯ ಉದ್ಯಮಕ್ಕೆ ತರಬೇತಿ ಕೊಡುವ ಮಾತು ಎತ್ತಿದರೆ ಪ್ರಾಂಶುಪಾಲರಿಂದ ಬರುವ ಉತ್ತರ ಒಂದೇ: ‘ಮೊದಲು ಪೋಸ್ಟ್ ತುಂಬಲಿ, ಆಮೇಲೆ ನೋಡೋಣ’. ಕೊರತೆ ಸುಳ್ಳಲ್ಲ. ಆದರೆ ತರಬೇತಿ ಕೆಡುವುದು ಬಹಳ ಸಲ ಅದರಿಂದಲ್ಲ. ತನ್ನಲ್ಲಿ ಇಲ್ಲದೇ ಇರುವ ಒಂದೇ ಒಂದು ಸರಕನ್ನು, ಅಂದರೆ ಬೋಧಕರ ಗಂಟೆಗಳನ್ನು, ಕಾಲೇಜು ಮಾರಲು ಹೊರಡುತ್ತದೆ. ಕೆಡುವುದು ಅಲ್ಲಿ. ಕಸುಬು ಬಲ್ಲ ಕೈ, ಓಡುವ ಯಂತ್ರ, ಕಚ್ಚಾ ಮಾಲು ಕಾರ್ಖಾನೆಯಲ್ಲೇ ಇವೆ. ಅಲ್ಲಿ ಇಲ್ಲದ್ದು ಕಲಿಕೆಯನ್ನು ಹಂತವಾಗಿ ಕಟ್ಟುವವರು, ಅಳೆಯುವವರು, ನಂಬಬಹುದಾದ ಕಾಗದ ಕೊಡುವವರು. ಕಾಲೇಜು ಆ ಮೂರನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮಾಲೀಕರ ಕಡೆ ತಳ್ಳಬೇಕು.

ಗಂಟೆಗಳನ್ನು ಎಣಿಸಿ

10 ಮಂದಿಗೆ 30 ಗಂಟೆಯ ಒಂದು ಕೋರ್ಸು ಎಂದಿಟ್ಟುಕೊಳ್ಳೋಣ. ಅದರಲ್ಲಿ 20 ಗಂಟೆ ಕಾರ್ಖಾನೆಯ ನುರಿತ ಕೆಲಸಗಾರರದು, 10 ಗಂಟೆ ಕಾಲೇಜಿನವರದು. ಆದರೆ ಕಾಲೇಜಿಗೆ ತಗಲುವುದು 10 ಗಂಟೆಯಲ್ಲ. ಕೋರ್ಸು ಕಟ್ಟುವ ಮೊದಲು ಕೆಲಸದ ಜಾಗದಲ್ಲಿ ನಿಂತು ನೋಡಲು 8 ಗಂಟೆ, ಹಂತಗಳನ್ನು ಬರೆದು ಹಾಳೆಗಿಳಿಸಲು 16, ಪಾಠಕ್ಕೆ 10, ಪರೀಕ್ಷೆಗೆ 4, ಹಾಜರಿ–ಬಿಲ್ಲು–ಪತ್ರ ವ್ಯವಹಾರಕ್ಕೆ 6. ಒಟ್ಟು 44 ಗಂಟೆ. ವಾರಕ್ಕೆ 4 ಗಂಟೆ ಮಾತ್ರ ಬಿಡುವಿರುವ ಬೋಧಕರಿಗೆ ಇದು 11 ವಾರದ ಕೆಲಸ, ಹೆಚ್ಚುಕಡಿಮೆ ಒಂದು ಸೆಮಿಸ್ಟರ್.

ಅದೇ ಕೋರ್ಸನ್ನು ಎರಡನೇ ತಂಡಕ್ಕೆ ನಡೆಸಿದಾಗ ನೋಡುವುದಕ್ಕೆ 2, ತಿದ್ದುವುದಕ್ಕೆ 2, ಪಾಠ 10, ಪರೀಕ್ಷೆ 4, ಕಾಗದ 2, ಹೀಗೆ 20ಕ್ಕೆ ಇಳಿಯುತ್ತದೆ. ನಾಲ್ಕು ಬೇರೆಬೇರೆ ಕೋರ್ಸು ನಡೆಸಿದರೆ 176 ಗಂಟೆ. ಒಂದನ್ನೇ ನಾಲ್ಕು ಸಲ ನಡೆಸಿದರೆ 104. ಕಾಲೇಜುಗಳು ಮಾಡುವುದು ಇದಕ್ಕೆ ತಿರುಗಾಮುರುಗ. ಕರಪತ್ರದಲ್ಲಿ ಹನ್ನೆರಡು ಕೋರ್ಸಿನ ಪಟ್ಟಿ ಹಾಕುತ್ತವೆ, ವರ್ಷಕ್ಕೆ ಒಂದೂ ಎರಡನೇ ಸಲ ನಡೆಯುವುದಿಲ್ಲ.

ಹಾಳೆಗಿಳಿಸುವ ಆ 16 ಗಂಟೆಯನ್ನು ಉಳಿಸಲು ಹೋಗಬಾರದು. ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಅದೇ ಕಾಲೇಜಿಗೆ ಬರುತ್ತಾರೆ ಎನ್ನುವ ಖಾತರಿ ಇಲ್ಲ. ಕೋರ್ಸು ಅವರ ತಲೆಯಲ್ಲಿದ್ದರೆ ಅವರ ಜತೆಗೇ ಹೋಗುತ್ತದೆ. ಪ್ರತಿ ಎರಡು ಗಂಟೆಯ ಪಾಠಕ್ಕೆ ಒಂದು ಹಾಳೆ ಸಾಕು: ಏನು ಮಾಡಿಸಬೇಕು, ಬೇಕಾದ ಸಾಮಾನು, ಅಳತೆ, ಕಲಿಯುವವರು ಸಾಮಾನ್ಯವಾಗಿ ಎಡವುವ ಜಾಗ, ಕೊನೆಗೆ ಕೈಯಲ್ಲಿ ಏನು ಮಾಡಿ ತೋರಿಸಬೇಕು. ತೋರಣಗಲ್ಲಿನ ಕೆಲಸದ ಜಾಗದಲ್ಲಿ ಕನ್ನಡ, ತೆಲುಗು, ಹಿಂದಿ ಮೂರೂ ಓಡುತ್ತವೆ. ಆದ್ದರಿಂದ ಹಾಳೆಯಲ್ಲಿ ಮಾತಿಗಿಂತ ಚಿತ್ರ ಹೆಚ್ಚಿರಲಿ.

ಒಂದು ಹೊಲಿಗೆ ಯಂತ್ರದ ಮುಂದೆ

ಕಾಲೇಜಿನ ಪಾಲು ಯಾವುದು, ಉದ್ಯಮದ ಪಾಲು ಯಾವುದು ಎನ್ನುವುದು ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಚೆನ್ನಾಗಿ ಕಾಣುತ್ತದೆ. ಸಣ್ಣ ಘಟಕಗಳಿಗೆ ಹೊಲಿಯುವವರಷ್ಟೇ ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್‌ ಕೂಡ ತಲೆನೋವು. ಒಬ್ಬರೇ ಹಲವು ಘಟಕ ಸುತ್ತುತ್ತಾರೆ. ಅವರು ಬರುವ ತನಕ ಯಂತ್ರ ನಿಂತಿರುತ್ತದೆ, ಪೀಸ್ ಲೆಕ್ಕದಲ್ಲಿ ದುಡಿಯುವವರ ಕೂಲಿಯೂ ನಿಂತಿರುತ್ತದೆ. ಹೆಚ್ಚಿನ ದೂರು ಒಂದೇ: ದಪ್ಪ ಬಟ್ಟೆಯ ಮಡಿಕೆ ಬಂದಲ್ಲಿ ಹೊಲಿಗೆ ತಪ್ಪುತ್ತದೆ.

ಅನುಭವಿ ಮೆಕ್ಯಾನಿಕ್ ಇದನ್ನು ಕೈಯಂದಾಜಿನಲ್ಲಿ ಸರಿ ಮಾಡುತ್ತಾರೆ. ‘ನೋಡಿ ಕಲಿ’ ಎನ್ನುತ್ತಾರೆ, ಕಲಿಯುವವನಿಗೆ ಕಾಣುವುದು ಸ್ಕ್ರೂ ತಿರುಗುವುದು ಮಾತ್ರ. ಐಟಿಐಯ ಫಿಟ್ಟರ್ ಟ್ರೇಡ್ ಬೋಧಕರಿಗೆ ಹೊಲಿಗೆ ಬರದಿದ್ದರೂ ಅಳತೆ ಬರುತ್ತದೆ. ಅವರು ಪಕ್ಕದಲ್ಲಿ ಕೂತು ಮೆಕ್ಯಾನಿಕ್‌ನ ಕೈಚಳಕವನ್ನು ಅಂಕಿಗಿಳಿಸಬೇಕು. ಆಗ ಹಂತಗಳು ಹೀಗೆ ಬರುತ್ತವೆ. ಮೊದಲು ಸೂಜಿ: ಡೆನಿಮ್‌ಗೆ 18ನೇ ನಂಬರು, ಗಾಜಿನ ಮೇಲೆ ಉರುಳಿಸಿ ಬಾಗಿಲ್ಲವೆಂದು ಖಚಿತಪಡಿಸಿಕೊಳ್ಳುವುದು, ಸಾಮಾನ್ಯ ಒಂಟಿ ಸೂಜಿಯ ಲಾಕ್‌ಸ್ಟಿಚ್ ಯಂತ್ರದಲ್ಲಿ ಸೂಜಿಯ ಉದ್ದ ಗೀರು (ಗ್ರೂವ್) ಎಡಕ್ಕೆ, ಕಣ್ಣಿನ ಬಳಿಯ ತಗ್ಗು ಬಲಕ್ಕೆ ಬರುವಂತೆ ಹಾಕುವುದು. ದೂರುಗಳಲ್ಲಿ ಒಂದಿಷ್ಟು ಇಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಕೈಚಕ್ರ ತಿರುಗಿಸಿ ಸೂಜಿಯನ್ನು ತೀರಾ ಕೆಳಗಿಳಿಸಿ, ನೀಡಲ್ ಬಾರ್ ಮೇಲೆ ಕೊರೆದ ಗೆರೆ ಬುಶ್‌ನ ಅಂಚಿಗೆ ಕೂರುತ್ತದೆಯೇ ನೋಡುವುದು. ಅಲ್ಲಿಂದ ಸೂಜಿ ಸುಮಾರು 2 ಮಿ.ಮೀ. ಮೇಲೆದ್ದಾಗ ದಾರದ ಕುಣಿಕೆ ಹಿಡಿಯುವ ಹುಕ್ಕಿನ ತುದಿ ಸರಿಯಾಗಿ ಸೂಜಿಯ ನಡುವಿಗೆ, ಕಣ್ಣಿಗಿಂತ ತುಸು ಮೇಲೆ ಬರಬೇಕು. ಹುಕ್ಕಿಗೂ ಸೂಜಿಗೂ ನಡುವೆ 0.05 ಮಿ.ಮೀ. ಆಸುಪಾಸು ಸಂದು. ಹೆಚ್ಚಾದರೆ ಹೊಲಿಗೆ ತಪ್ಪುತ್ತದೆ, ತಾಕಿದರೆ ಹುಕ್ಕಿನ ತುದಿ ಸವೆದು ದಾರ ಹರಿಯತೊಡಗುತ್ತದೆ.

ಇದು 12 ಗಂಟೆಯ ಕೋರ್ಸು. ಎರಡು ಹಳೆಯ ಯಂತ್ರ, ಸಂದು ಅಳೆಯುವ ಒಂದು ಫೀಲರ್ ಗೇಜ್, ಸೂಜಿ ಪೊಟ್ಟಣ, ಮಡಿಕೆ ಹೊಲಿಯಲು ಡೆನಿಮ್ ತುಂಡು ಸಾಕು. ಅಡಚಣೆ ಬೇರೆ ಕಡೆಯಿಂದ ಬರುತ್ತದೆ: ಮೆಕ್ಯಾನಿಕ್ ಕಲಿಸಲು ಒಪ್ಪುವುದಿಲ್ಲ. ತನ್ನ ಅನ್ನಕ್ಕೆ ತಾನೇ ಯಾರು ಕಲ್ಲು ಹಾಕಿಕೊಳ್ಳುತ್ತಾರೆ? ಇದಕ್ಕೆ ದಾರಿ, ಕೋರ್ಸನ್ನು ಘಟಕದೊಳಗಿನ ಮೊದಲ ಹಂತದ ರಿಪೇರಿಗೆ ಮಾತ್ರ ಸೀಮಿತಗೊಳಿಸುವುದು. ಸೂಜಿ, ಟೆನ್ಷನ್, ಹುಕ್ ಟೈಮಿಂಗ್ ಘಟಕದವರು ನೋಡಿಕೊಳ್ಳಲಿ. ಶಾಫ್ಟು, ಗೇರು, ಮೋಟಾರು ಮೆಕ್ಯಾನಿಕ್‌ಗೇ ಇರಲಿ. ಅವರಿಗೆ ಗಂಟೆಗಿಷ್ಟು ಎಂದು ಗೌರವಧನವನ್ನು ಅದೇ ದಿನ ಕೊಡಬೇಕು, ಬಿಲ್ಲು ಪಾಸಾಗಲಿ ಎಂದು ಮೂರು ತಿಂಗಳು ಕಾಯಿಸಿದರೆ ಎರಡನೇ ಸಲ ಬರುವುದಿಲ್ಲ. ಹೊಲಿಯುವವರು ಕೂತ ಗಂಟೆಗಳ ಕೂಲಿಯೂ ಮಾಲೀಕರ ತಲೆಗೆ. ಈ ಮಾತು ಮೊದಲೇ ಆಗದಿದ್ದರೆ ಎರಡನೇ ದಿನಕ್ಕೆ ಅರ್ಧ ತರಗತಿ ಖಾಲಿ.

ವೆಲ್ಡಿಂಗ್‌ನಲ್ಲಿ ಕಾಸು ಕರಗುವ ಜಾಗ

ಎಲ್ಲ ಕಾರ್ಖಾನೆಗಳೂ ಮೊದಲು ಕೇಳುವುದು ವೆಲ್ಡರ್. ಐಟಿಐಗಳು ಹೆಚ್ಚು ಕೈ ಸುಟ್ಟುಕೊಳ್ಳುವುದೂ ಇಲ್ಲೇ. ಕಾರ್ಖಾನೆಗೆ ಬೇಕಾದದ್ದು 6ಜಿ, ಅಂದರೆ ಓರೆಯಾಗಿ ನಿಂತ ಪೈಪನ್ನು ಸುತ್ತಲೂ ಬೆಸೆಯಬಲ್ಲ ವೆಲ್ಡರ್, ಕಾಲೇಜಿನಲ್ಲಿ ಕಲಿತವನಿಗೆ ಬರುವುದು ಮಲಗಿಸಿದ ಪ್ಲೇಟು. 30 ಗಂಟೆಯಲ್ಲಿ ಈ ಅಂತರ ಮುಚ್ಚುತ್ತೇವೆ ಎಂದು ಬರೆದುಕೊಟ್ಟವರು ಹೆಸರು ಕೆಡಿಸಿಕೊಳ್ಳುತ್ತಾರೆ. ಒಪ್ಪಬಹುದಾದದ್ದು ಒಂದು ಪೊಸಿಷನ್ ಮಾತ್ರ: 10 ಮಿ.ಮೀ. ಪ್ಲೇಟಿನಲ್ಲಿ 3ಜಿ, ಅಂದರೆ ನಿಲ್ಲಿಸಿದ ಪ್ಲೇಟಿನಲ್ಲಿ ಕೆಳಗಿಂದ ಮೇಲಕ್ಕೆ.

ಸಾಮಗ್ರಿಯ ಲೆಕ್ಕವನ್ನು ಮೊದಲೇ ಹಾಕಿ. 150×100×10 ಮಿ.ಮೀ. ಪ್ಲೇಟಿನ ತೂಕ ಸುಮಾರು 1.2 ಕಿಲೊ. ಒಂದು ಜಾಯಿಂಟಿಗೆ ಎರಡು, ಒಬ್ಬರಿಗೆ ಆರು ಜಾಯಿಂಟು, ಹತ್ತು ಮಂದಿಗೆ ಸುಮಾರು 140 ಕಿಲೊ ಪ್ಲೇಟು. 3.15 ಮಿ.ಮೀ. ಬೆಸುಗೆ ರಾಡು ಒಬ್ಬರಿಗೆ 90ರ ಸುಮಾರು ಬೇಕು, ತಂಡಕ್ಕೆ 30 ಕಿಲೊ ಇಟ್ಟುಕೊಳ್ಳಿ. ಪ್ಲೇಟನ್ನು ಹೊಸದಾಗಿ ಕೊಂಡರೆ ಶುಲ್ಕ ಏರಿ ಕೋರ್ಸೇ ಬೀಳುತ್ತದೆ. ಫ್ಯಾಬ್ರಿಕೇಷನ್ ಯಾರ್ಡಿನಲ್ಲಿ ಕತ್ತರಿಸಿ ಉಳಿದ ತುಂಡುಗಳು ರಾಶಿ ಬಿದ್ದಿರುತ್ತವೆ. ಅವನ್ನು ಅಳತೆಗೆ ಕತ್ತರಿಸಿ ಅಂಚು ಇಳಿಜಾರು ಮಾಡಿ ಕಳಿಸುವುದು ಕಾರ್ಖಾನೆಯ ಪಾಲು ಎಂದು ಒಪ್ಪಂದದಲ್ಲೇ ಬರೆಯಿಸಿ. ‘ಅಗತ್ಯ ಸಹಕಾರ ನೀಡುವುದು’ ಎಂಬ ಸಾಲು ಇದ್ದರೆ ಪ್ಲೇಟು ಬರುವುದಿಲ್ಲ.

ಕಲಿಕೆಗೆ ಸಾಮಾನ್ಯವಾಗಿ ಬಳಸುವ ಇ6013 ರಾಡು ನಿಲುವಿನಲ್ಲಿ 90–110 ಆಂಪಿಯರ್‌ಗೆ ಸರಿಹೋಗುತ್ತದೆ. ಆದರೆ ಭಾರದ ಕೆಲಸಕ್ಕೆ ಕಾರ್ಖಾನೆ ಬಳಸುವುದು ಇ7018. ಇದು ತೇವ ಹೀರುತ್ತದೆ. 300–350 ಡಿಗ್ರಿಯಲ್ಲಿ ಗಂಟೆ–ಎರಡು ಗಂಟೆ ಕಾಯಿಸಿ, ಬಿಸಿ ಡಬ್ಬಿಯಲ್ಲಿಟ್ಟು ಒಂದೊಂದೇ ತೆಗೆದು ಬಳಸಬೇಕು. ಐಟಿಐಯಲ್ಲಿ ಆ ಓವನ್ ಇಲ್ಲದಿದ್ದರೆ ವರ್ಷಗಟ್ಟಲೆ ಕಪಾಟಿನಲ್ಲಿದ್ದ ರಾಡನ್ನೇ ಹಚ್ಚಿ, ಬೆಸುಗೆಯೊಳಗೆ ಸಣ್ಣ ತೂತು ಬಂದಾಗ ಹುಡುಗನ ಕೈ ಸರಿಯಿಲ್ಲ ಎನ್ನುತ್ತಾರೆ. ಇ7018 ಭಾಗವನ್ನು ಕಾರ್ಖಾನೆಯಲ್ಲೇ ಮಾಡಿಸಿ, ಕೈ ಕೂರುವ ಭಾಗವನ್ನು ಕಾಲೇಜಿನಲ್ಲಿ ಮಾಡಿಸಿ. ಇನ್ನೊಂದು ಸಣ್ಣ ವಿಷಯ: ಹಳೇ ವರ್ಕ್‌ಶಾಪಿನಲ್ಲಿ ಆರು ಸೆಟ್ ಒಟ್ಟಿಗೆ ಹಚ್ಚುವ ಮುನ್ನ ಮಂಜೂರಾದ ಲೋಡ್ ಎಷ್ಟೆಂದು ಜೆಸ್ಕಾಂ ಬಿಲ್ಲಿನಲ್ಲಿ ನೋಡಿಕೊಳ್ಳಿ. ಮೂರು ಮಂದಿ ವೆಲ್ಡ್ ಮಾಡುತ್ತ, ಮೂರು ಮಂದಿ ಪ್ಲೇಟು ಹೊಂದಿಸುತ್ತ, ಉಳಿದವರು ಬೆಸುಗೆ ಮೇಲಿನ ಕಿಟ್ಟ (ಸ್ಲ್ಯಾಗ್) ಬಿಡಿಸಿ ಪರೀಕ್ಷಿಸುತ್ತ ಸರದಿಯಲ್ಲಿ ನಡೆದರೆ ಲೈನ್ ಟ್ರಿಪ್ ಆಗುವುದೂ ಇಲ್ಲ, ಯಾರೂ ಸುಮ್ಮನೆ ಕೂರುವುದೂ ಇಲ್ಲ.

ಯಾವಾಗ ನಡೆಸುವುದು

ದೊಡ್ಡ ಕಾರ್ಖಾನೆಗಳಲ್ಲಿ ಶಿಫ್ಟು ಸಾಮಾನ್ಯವಾಗಿ 6, 2, 10 ಗಂಟೆಗೆ ಬದಲಾಗುತ್ತದೆ. ಮೊದಲ ಶಿಫ್ಟಿನವರನ್ನು ಮಧ್ಯಾಹ್ನ 2.30ಕ್ಕೆ ಥಿಯರಿಗೆ ಕೂರಿಸಿದರೆ ಅವರು ನಿದ್ದೆ ಮಾಡುತ್ತಾರೆ, ಅದು ಅವರ ತಪ್ಪಲ್ಲ. ಆ ಹೊತ್ತಿಗೆ ಕೈಕೆಲಸ ಮಾತ್ರ, ಅದೂ ಎರಡು ಗಂಟೆ ಮೀರದಂತೆ, ಕಂಪನಿ ಬಸ್ಸಿನ ಸಮಯಕ್ಕೆ ಹೊಂದಿಸಿ. ಏಪ್ರಿಲ್–ಮೇನಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ 1.30ರವರೆಗೆ ನಡೆಯುವ ರೂಢಿ ಇದೆ. ಆ ಎರಡು ತಿಂಗಳು ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ವೆಲ್ಡಿಂಗ್ ಇಟ್ಟುಕೊಳ್ಳುವ ಯೋಚನೆಯೇ ಬೇಡ.

ಮಿಲ್ಲು, ಜಿನ್ನಿಂಗ್ ಕಾರ್ಖಾನೆಗಳಿಗೆ ಶಿಫ್ಟಿಗಿಂತ ಸುಗ್ಗಿ ಮುಖ್ಯ. ಅಕ್ಟೋಬರ್‌ನಿಂದ ಹತ್ತಿ, ನವೆಂಬರ್‌ನಿಂದ ಭತ್ತ ಬರತೊಡಗಿದ ಮೇಲೆ ಮಾಲೀಕರು ಫೋನೂ ಎತ್ತುವುದಿಲ್ಲ. ಅವರಿಗೆ ಬಿಡುವಿರುವುದು ಮಳೆಗಾಲದಲ್ಲಿ, ಯಂತ್ರ ಬಿಚ್ಚಿ ಕೂರಿಸುವ ಕಾಲದಲ್ಲಿ. ತುಂಗಭದ್ರಾ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಸಿಗದ ವರ್ಷ ಬಿಡುವು ಇನ್ನೂ ಉದ್ದ. ಐಟಿಐಯ ವಾರ್ಷಿಕ ಪರೀಕ್ಷೆ ಸಾಮಾನ್ಯವಾಗಿ ಜುಲೈ–ಆಗಸ್ಟ್ ಹೊತ್ತಿಗೆ ಬರುವುದರಿಂದ ಇಬ್ಬರಿಗೂ ಹೊಂದುವ ಕಿಂಡಿ ಸೆಪ್ಟೆಂಬರ್ ಒಂದೇ. ಅದಕ್ಕೆ ಜೂನ್‌ನಲ್ಲೇ ದಿನಾಂಕ ಹಿಡಿಯಬೇಕು.

ಮಿಲ್ಲಿನವರಿಗೆ ಏನು ಕಲಿಸುವುದು? ರಬ್ಬರ್ ರೋಲ್ ಶೆಲ್ಲರ್ ಒಂದನ್ನೇ ಹಿಡಿದರೂ ಸಾಕು. ಎರಡು ರೋಲುಗಳ ವೇಗದ ವ್ಯತ್ಯಾಸದಿಂದ ಹೊಟ್ಟು ಬಿಡುತ್ತದೆ. ವೇಗದ ರೋಲು ಬೇಗ ಸವೆದು ಸಣ್ಣದಾಗುತ್ತದೆ, ವ್ಯತ್ಯಾಸ ಕುಗ್ಗುತ್ತದೆ, ಭತ್ತ ಸುಲಿಯದೆ ಬರುತ್ತದೆ. ಆಪರೇಟರ್ ಒತ್ತಡ ಹೆಚ್ಚಿಸುತ್ತಾನೆ, ನುಚ್ಚು ಹೆಚ್ಚುತ್ತದೆ. ಮಾಡಬೇಕಾದದ್ದು ವರ್ನಿಯರ್‌ನಲ್ಲಿ ವ್ಯಾಸ ಅಳೆದು ರೋಲುಗಳನ್ನು ಅದಲುಬದಲು ಮಾಡುವುದು. ಶೆಲ್ಲರಿನಿಂದ ಬಂದ 100 ಕಾಳು ಎಣಿಸಿದರೆ 85–90 ಸುಲಿದಿರಬೇಕು. ಅದಕ್ಕಿಂತ ಮೇಲೆ ತಳ್ಳಿದರೆ ಮುರಿಯುವುದೇ ಹೆಚ್ಚು. ಸರ್ಕಾರದ ಲೆಕ್ಕದಲ್ಲಿ ಭತ್ತದಿಂದ ಬರಬೇಕಾದ ಅಕ್ಕಿ ಹಸಿ ಅಕ್ಕಿಗೆ ಶೇ 67, ಕುಸುಬಲಕ್ಕಿಗೆ ಶೇ 68. ದಿನಕ್ಕೆ 40 ಟನ್ ಭತ್ತ ಅರೆಯುವ ಮಿಲ್ಲಿನಲ್ಲಿ ಈ ಶೇಕಡಾವಾರಿನಲ್ಲಿ ಒಂದು ಅಂಶ ಆಚೀಚೆಯಾದರೆ ದಿನಕ್ಕೆ 400 ಕಿಲೊ ಅಕ್ಕಿ. ಮಾಲೀಕರ ಮುಂದೆ ‘ಕೌಶಲಾಭಿವೃದ್ಧಿ’ ಎನ್ನುವ ಬದಲು ಈ 400 ಕಿಲೊ ಇಟ್ಟು ಮಾತಾಡಿ, ಶುಲ್ಕದ ಚೌಕಾಸಿ ತಾನಾಗಿ ಕಡಿಮೆಯಾಗುತ್ತದೆ. ತೇವಾಂಶ, ಒಣಗಿಸುವಿಕೆಯಂಥ ಭಾಗಕ್ಕೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ಕಾಲೇಜಿನಿಂದ ಒಂದು ದಿನಕ್ಕೆ ತಜ್ಞರನ್ನು ಕೇಳುವುದು ಹೊಸಬರನ್ನು ನೇಮಿಸುವುದಕ್ಕಿಂತ ಸುಲಭ.

ಹಣ, ಒಪ್ಪಂದ, ಗುತ್ತಿಗೆ ಕೂಲಿ

ಶುಲ್ಕ ಯಾವ ಖಾತೆಗೆ ಹೋಗುತ್ತದೆ ಎಂಬುದು ಮೊದಲ ದಿನವೇ ಇತ್ಯರ್ಥವಾಗಬೇಕು. ಖಜಾನೆಗೆ ಕಟ್ಟಿದ ಹಣದಲ್ಲಿ ರಾಡು ಕೊಳ್ಳಲು ಆಗುವುದಿಲ್ಲ. 2007–08ರಿಂದ ಸಾರ್ವಜನಿಕ–ಖಾಸಗಿ ಸಹಭಾಗಿತ್ವದಲ್ಲಿ ತಲಾ ₹2.5 ಕೋಟಿ ಬಡ್ಡಿರಹಿತ ಸಾಲ ಪಡೆದ ದೇಶದ 1,396 ಐಟಿಐಗಳಲ್ಲಿ ನಿಮ್ಮದೂ ಇದ್ದರೆ, ಉದ್ಯಮಿಯೊಬ್ಬರು ಅಧ್ಯಕ್ಷರಾಗಿರುವ ಸಂಸ್ಥಾ ನಿರ್ವಹಣಾ ಸಮಿತಿ ಅಲ್ಲಿರುತ್ತದೆ. ಅದರ ಖಾತೆಯೇ ಸರಿಯಾದ ದಾರಿ. ಪದವಿ ಕಾಲೇಜಿನಲ್ಲಾದರೆ ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿ. ಅದರ ಸಭೆ ಯಾವಾಗ ಸೇರುತ್ತದೆ ಎನ್ನುವುದನ್ನು ಲೆಕ್ಕಕ್ಕೆ ಹಿಡಿದೇ ದಿನಾಂಕ ಕೊಡಿ. ಶುಲ್ಕವೆಂದರೆ ಕಾಲೇಜಿನ ಗಂಟೆಗಳ ಗೌರವಧನ, ಸಾಮಗ್ರಿ, ಕರೆಂಟು, ಜತೆಗೆ ಯಂತ್ರದ ಸವಕಳಿಗೆ ಒಂದಿಷ್ಟು. ಬಿಟ್ಟಿ ಕೊಟ್ಟರೆ ಮಾಲೀಕರು ಆ ದಿನ ಕೆಲಸವಿಲ್ಲದವರನ್ನು ಕಳಿಸುತ್ತಾರೆ, ಕಲಿಯಬೇಕಾದವರನ್ನಲ್ಲ.

ಒಪ್ಪಂದಕ್ಕೆ ಸಹಿ ಹಾಕಿ ಫೋಟೊ ತೆಗೆಸಿಕೊಂಡ ಮೇಲೆ ಎರಡೂ ಕಡೆ ಸುಮ್ಮನಾಗುವುದು ಈ ಕ್ಷೇತ್ರದ ಹಳೇ ರೋಗ. ಒಪ್ಪಂದದಲ್ಲಿ ಕಾರ್ಖಾನೆಯ ಕಡೆಯಿಂದ ಒಬ್ಬರ ಹುದ್ದೆ, ಕಾಲೇಜಿನ ಕಡೆಯಿಂದ ಒಬ್ಬರ ಹುದ್ದೆ, ಮೊದಲ ತಂಡದ ದಿನಾಂಕ, ಗೇಟ್ ಪಾಸ್ ಯಾರು ಮಾಡಿಸುತ್ತಾರೆ, ಹೆಲ್ಮೆಟ್–ಬೂಟು–ವಿಮೆ ಯಾರದು, ಇವಿಷ್ಟು ಇಲ್ಲದಿದ್ದರೆ ಸಹಿ ಹಾಕದಿರುವುದೇ ಲೇಸು. ಗೇಟ್ ಪಾಸಿಗೂ ಸುರಕ್ಷತಾ ಪಾಠಕ್ಕೂ ಸೇರಿ ಹತ್ತು ದಿನ ಹಿಡಿಯುತ್ತದೆಂದೇ ಎಣಿಸಿ.

ಗುತ್ತಿಗೆ ಕೂಲಿಕಾರರದು ಎಲ್ಲಕ್ಕಿಂತ ಗೋಜಲು. ದೊಡ್ಡ ಕಾರ್ಖಾನೆಯೊಳಗೆ ರಿಪೇರಿ ಕೆಲಸ ಮಾಡುವವರಲ್ಲಿ ಬಹಳ ಮಂದಿ ಗುತ್ತಿಗೆದಾರರ ಆಳುಗಳು. ಕಲಿತ ಮರುದಿನ ಆತ ಪಕ್ಕದ ಗುತ್ತಿಗೆದಾರನ ಬಳಿ ₹50 ಹೆಚ್ಚಿಗೆ ಹೋಗುತ್ತಾನೆ ಎಂಬ ಅಂಜಿಕೆ ಗುತ್ತಿಗೆದಾರರಿಗೆ ಸಹಜ. ಒಬ್ಬೊಬ್ಬರ ಬಳಿ ಹೋಗಿ ಒಪ್ಪಿಸಲು ಕಾಲೇಜಿಗೆ ಆಳಿಲ್ಲ. ಮುಖ್ಯ ಕಾರ್ಖಾನೆಯೇ ಎಲ್ಲ ಗುತ್ತಿಗೆದಾರರಿಗೂ ಒಂದೇ ಷರತ್ತು ಹಾಕಿ, ಖರ್ಚನ್ನು ಗುತ್ತಿಗೆ ದರದಲ್ಲೇ ಸೇರಿಸಿದರೆ ಮಾತ್ರ ಇದು ನಡೆಯುತ್ತದೆ. ಆದ್ದರಿಂದ ಗುತ್ತಿಗೆ ಕೆಲಸಗಾರರ ತರಬೇತಿಯ ಮಾತನ್ನು ಮುಖ್ಯ ಕಾರ್ಖಾನೆಯ ಸುರಕ್ಷತಾ ವಿಭಾಗದಿಂದ ಶುರು ಮಾಡಿ, ಎಚ್‌ಆರ್‌ನಿಂದ ಅಲ್ಲ.

ಬೋಧಕರೇ ಬೇಡದ ಸೇವೆಯೂ ಒಂದಿದೆ. ಶಿಶಿಕ್ಷು (ಅಪ್ರೆಂಟಿಸ್) ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 200 ಮಂದಿಯ ಕಾರ್ಖಾನೆಗೆ ಕನಿಷ್ಠ 5. ಅಪ್ರೆಂಟಿಸ್‌ಗಳಿಗಾಗಿ ಇರುವ ಕೇಂದ್ರದ ಉತ್ತೇಜನ ಯೋಜನೆ ಎನ್‌ಎಪಿಎಸ್‌ನಲ್ಲಿ ಅವರ ಭತ್ಯೆಯ ಶೇ 25, ತಿಂಗಳಿಗೆ ಗರಿಷ್ಠ ₹1,500, ಕೇಂದ್ರ ಸರ್ಕಾರ ಭರಿಸುತ್ತದೆ. ಮಧ್ಯಮ ಗಾತ್ರದ ಮಾಲೀಕರು ಹಿಂಜರಿಯುವುದು ಹಣಕ್ಕಲ್ಲ, ಪೋರ್ಟಲ್ಲಿಗೆ. ನೋಂದಣಿ, ಕರಾರು, ತಿಂಗಳ ಹಾಜರಿಯನ್ನು ಕಾಲೇಜು ಮಾಡಿಕೊಟ್ಟರೆ ಅದೇ ಬಾಗಿಲು ತೆರೆಯುತ್ತದೆ. (ಗುಮಾಸ್ತರ ಹುದ್ದೆಯೂ ಖಾಲಿ ಎಂಬ ಆಕ್ಷೇಪ ನಿಜ. ಬಿ.ಕಾಂ. ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು ಇಂಟರ್ನ್‌ಷಿಪ್ ಎಂದೇ ಇದನ್ನು ಮಾಡಬಲ್ಲರು.) ಪದವಿ ಕಾಲೇಜುಗಳು ಉದ್ಯಮಕ್ಕೆ ಸದ್ಯ ಮಾಡಬಹುದಾದ ದೊಡ್ಡ ಉಪಕಾರವೂ ಇದೇ ಇರಬಹುದು. ಜಿಎಸ್‌ಟಿ, ಇ–ವೇ ಬಿಲ್ಲಿನ ಸಣ್ಣ ಕೋರ್ಸುಗಳು ಆಮೇಲಿನ ಮಾತು.

ಐಟಿಐಗೆ ಇದಕ್ಕಿಂತ ದೊಡ್ಡ ದಾರಿ ದ್ವಿಮುಖ ತರಬೇತಿ ಪದ್ಧತಿ. ಎರಡು ವರ್ಷದ ಟ್ರೇಡ್‌ನಲ್ಲಿ 6ರಿಂದ 12 ತಿಂಗಳು ವಿದ್ಯಾರ್ಥಿ ಕಾರ್ಖಾನೆಯಲ್ಲೇ ಕಲಿಯಬಹುದು, ಅಷ್ಟು ಕಾಲ ವರ್ಕ್‌ಶಾಪಿನ ಬೋಧಕರ ಹೊರೆ ಇಳಿಯುತ್ತದೆ. ಇಳಿದ ಆ ಗಂಟೆಗಳೇ ಕೆಲಸಗಾರರ ತರಬೇತಿಗೆ ಬಂಡವಾಳ. 2025ರಲ್ಲಿ ಕೇಂದ್ರ ಒಪ್ಪಿದ 1,000 ಐಟಿಐಗಳ ಯೋಜನೆಯಲ್ಲಿ 200 ಕೇಂದ್ರ ಐಟಿಐಗಳ ಸುತ್ತ 800 ಐಟಿಐಗಳನ್ನು ಜೋಡಿಸುವ ಏರ್ಪಾಡಿದೆ. ಅದು ಕಟ್ಟಡ–ಯಂತ್ರಕ್ಕೆ ನಿಲ್ಲದೆ ಬೋಧಕರನ್ನು ಹಂಚಿಕೊಳ್ಳುವ ಮಟ್ಟಕ್ಕೆ ಬಂದರೆ ಇಲ್ಲಿಗೆ ಉಪಯೋಗ. ಉದ್ಯಮದ ಅನುಭವಿಗಳನ್ನು ಬೋಧಕರಾಗಿ ತೆಗೆದುಕೊಳ್ಳುವ ಯುಜಿಸಿಯ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ನಿಯಮವೂ 2022ರಿಂದ ಇದೆ. ಮೇಲ್ಮಟ್ಟದ 15 ವರ್ಷದ ಅನುಭವ ಕೇಳುವ ಅದು ಫೋರ್‌ಮನ್‌ಗಳಿಗಿಂತ ಮ್ಯಾನೇಜರ್‌ಗಳಿಗೆ ಹೊಂದುತ್ತದೆ. ಶಕ್ತಿನಗರದ ವಿದ್ಯುತ್ ಸ್ಥಾವರ (ಆರ್‌ಟಿಪಿಎಸ್) 1985ರಿಂದ ಓಡುತ್ತಿದೆ, ಹಟ್ಟಿ ಇನ್ನೂ ಹಳೆಯದು. ಅಲ್ಲಿಂದ ನಿವೃತ್ತರಾಗಿ ರಾಯಚೂರು, ಲಿಂಗಸುಗೂರಿನಲ್ಲಿ ನೆಲೆಸಿದ ಟೆಕ್ನಿಷಿಯನ್‌ಗಳನ್ನು ಗಂಟೆ ಲೆಕ್ಕದಲ್ಲಿ ಕರೆಸಲು ಯಾವ ಹೊಸ ನಿಯಮವೂ ಬೇಕಿಲ್ಲ.

ಪರೀಕ್ಷೆಯನ್ನು ಯಾರು ಮಾಡುತ್ತಾರೆ

ಕಲಿಸಿದವರೇ ಪರೀಕ್ಷಿಸಿದರೆ ಹತ್ತಕ್ಕೆ ಹತ್ತೂ ಪಾಸು. ಎರಡು ತಂಡ ಹೀಗೆ ಪಾಸಾದ ಮೇಲೆ ಆ ಕಾಗದವನ್ನು ಯಾವ ಫೋರ್‌ಮನ್ನೂ ಓದುವುದಿಲ್ಲ. ಪಾಠ ಮಾಡದ ಇನ್ನೊಂದು ಕಾರ್ಖಾನೆಯ ಮೇಲ್ವಿಚಾರಕರನ್ನು ಅರ್ಧ ದಿನಕ್ಕೆ ಕರೆಸಿ. ವೆಲ್ಡಿಂಗ್‌ಗಾದರೆ ದುಬಾರಿ ಉಪಕರಣ ಬೇಡ: ಜಾಯಿಂಟಿನ ಪಟ್ಟಿ ಕತ್ತರಿಸಿ, ಹ್ಯಾಕ್‌ಸಾದಿಂದ ಬೆಸುಗೆಗೆ ಕಚ್ಚು ಹಾಕಿ, ವೈಸ್‌ಗೆ ಬಿಗಿದು ಸುತ್ತಿಗೆಯಿಂದ ಮುರಿದರೆ ಒಳಗಿನ ತೂತು, ಸಿಕ್ಕಿಕೊಂಡ ಸ್ಲ್ಯಾಗ್ ಎಲ್ಲರ ಕಣ್ಣಿಗೂ ಬೀಳುತ್ತವೆ. ಜೀನ್ಸ್ ಘಟಕದಲ್ಲಿ ಯಂತ್ರದ ಟೈಮಿಂಗ್ ಬೇಕೆಂದೇ ತಪ್ಪಿಸಿ ಕೊಟ್ಟು ಗಡಿಯಾರ ಹಿಡಿಯಿರಿ. ಮಿಲ್ಲಿನಲ್ಲಿ ಕಾಳು ಎಣಿಸಿ.

ಕಾಗದದ ಮೇಲೆ ಎನ್‌ಸಿವಿಇಟಿ (ವೃತ್ತಿ ಶಿಕ್ಷಣ, ತರಬೇತಿಯ ರಾಷ್ಟ್ರೀಯ ಪರಿಷತ್ತು) ಎಂಬ ಹೆಸರು ಹಾಕುವ ಆಸೆ ಬೇಡ, ಅದಕ್ಕೆ ಬೇರೆ ಪ್ರಕ್ರಿಯೆ ಇದೆ. ‘10 ಮಿ.ಮೀ. ಪ್ಲೇಟು, 3ಜಿ, ಇಂಥ ದಿನ, ಇಂಥ ಪರೀಕ್ಷೆಯಲ್ಲಿ ಸರಿ’ ಎಂದಷ್ಟೇ ಬರೆದು ಕಾಲೇಜಿನ ಸೀಲು ಒತ್ತಿ. ಸರಿಯಾಗದವರಿಗೆ ಒಂದು ತಿಂಗಳ ಬಳಿಕ ಶುಲ್ಕವಿಲ್ಲದೆ ಇನ್ನೊಂದು ಅವಕಾಶ ಇರಲಿ, ಅದಕ್ಕೆ ಬೇಕಾದ ನಾಲ್ಕೈದು ಜೋಡಿ ಪ್ಲೇಟನ್ನು ಮೊದಲ ತಂಡದ ದಾಸ್ತಾನಿನಲ್ಲೇ ತೆಗೆದಿಡಿ.